ಅಕ್ಕಡಿ ಸಾಲು ಹಾಕಿ ನೋಡಿ: ಹಲವು ಕಲೆಗಳ ಹಂಬಲ ಇರುವವರಿಗೆ

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಬೆಳಿಗ್ಗೆ ಚಿತ್ರ ಬರೆಯುವ, ಸಂಜೆ ಹಾರ್ಮೋನಿಯಂ ಮುಂದೆ ಕೂರುವ, ಭಾನುವಾರ ಕ್ಯಾಮೆರಾ ಹಿಡಿದು ದಾವಣಗೆರೆಯ ಕುಂದವಾಡ ಕೆರೆ ಏರಿಗೆ ಹೋಗುವವರಿಗೆ ಮನೆಯವರು, ಮೇಷ್ಟ್ರು, ಕೊನೆಗೆ ಹೆಣ್ಣು ನೋಡಲು ಬಂದ ನೆಂಟರೂ ಇದನ್ನೇ ಹೇಳುತ್ತಾರೆ. ಕೇಳಿ ಕೇಳಿ ಅವರಿಗೇ ತಮ್ಮಲ್ಲಿ ಏನೋ ಕೊರತೆ ಇದೆ ಅನ್ನಿಸತೊಡಗುತ್ತದೆ.

ಹಾಗೆ ಹೇಳುವ ನಮ್ಮ ಹಿರಿಯರ ಹೊಲವನ್ನೇ ಒಮ್ಮೆ ನೋಡಿ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ಮಳೆಯಾಶ್ರಿತ ಹೊಲದಲ್ಲಿ ಶೇಂಗಾ ಬಿತ್ತಿದವರು ಎಂಟೋ ಹತ್ತೋ ಸಾಲಿಗೆ ಒಂದು ತೊಗರಿ ಸಾಲು ಹಾಕುತ್ತಾರೆ. ಅದೇ ಅಕ್ಕಡಿ. ಶೇಂಗಾ ನಾಲ್ಕು ತಿಂಗಳೊಳಗೆ ಕಿತ್ತು ಮುಗಿಯುತ್ತದೆ. ತೊಗರಿ ಇನ್ನೂ ಒಂದೆರಡು ತಿಂಗಳು ನಿಂತಿರುತ್ತದೆ, ಅದರ ಬೇರು ಆಳಕ್ಕೆ ಇಳಿದು ಶೇಂಗಾಕ್ಕೆ ನಿಲುಕದ ತೇವವನ್ನು ಹುಡುಕಿಕೊಳ್ಳುತ್ತದೆ. ಒಂದು ಕೈಕೊಟ್ಟ ವರ್ಷ ಇನ್ನೊಂದು ಮನೆ ನಡೆಸುತ್ತದೆ. ಹಾಗಂತ ಯಾವ ರೈತನೂ ಸಿಕ್ಕಿದ ಬೀಜವನ್ನೆಲ್ಲ ಒಟ್ಟಿಗೆ ಎರಚುವುದಿಲ್ಲ. ಯಾವುದು ಮುಖ್ಯ ಬೆಳೆ, ಯಾವುದು ಅಕ್ಕಡಿ, ಯಾವ ಸಾಲಿಗೆ ಎಷ್ಟು ಅಂತರ ಎಂಬ ಲೆಕ್ಕ ಅವನ ತಲೆಯಲ್ಲಿ ಸ್ಪಷ್ಟವಾಗಿರುತ್ತದೆ.

ಹಲವು ಕಲೆಗಳ ಬದುಕಿಗೆ ಬೇಕಾದದ್ದೂ ಈ ಲೆಕ್ಕವೇ. ಆಸೆಗಳ ಸಂಖ್ಯೆ ಕಡಿಮೆ ಮಾಡಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದಾವಣಗೆರೆ, ಚಿತ್ರದುರ್ಗದ ನೆಲದಲ್ಲೇ ಇದ್ದುಕೊಂಡು, ಕೆಲಸ, ಸಂಸಾರ ಬಿಡದೆ ಅವನ್ನು ಹೇಗೆ ಸಾಲು ಹಿಡಿಸಬಹುದು ಎಂಬುದಷ್ಟೇ ಇಲ್ಲಿದೆ.

ಮೊದಲು ಎಲ್ಲವನ್ನೂ ಹರಡಿಕೊಳ್ಳಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಮಾಡಬೇಕು ಅನ್ನಿಸಿದ್ದು, ಅರ್ಧಕ್ಕೆ ಬಿಟ್ಟದ್ದು, ಹೇಳಿಕೊಳ್ಳಲು ಸಂಕೋಚ ಆಗುವಂಥದ್ದು, ಎಲ್ಲವನ್ನೂ ಬರೆಯಿರಿ. ಚಿತ್ರ, ಕವಿತೆ, ನಾಟಕ, ರಂಗಗೀತೆ, ಕಸೂತಿ, ಹಕ್ಕಿ ನೋಡುವುದು, ಶಾಸನದ ಲಿಪಿ ಕಲಿಯುವುದು, ಮಣ್ಣಿನ ಕೆಲಸ, ಅಜ್ಜಿಯ ಕಾಲದ ಅಡುಗೆ. ಕಲೆ ಯಾವುದು, ಬರಿ ಹವ್ಯಾಸ ಯಾವುದು ಎಂಬ ಪಂಕ್ತಿಭೇದ ಈಗ ಬೇಡ.

ಆಮೇಲೆ ಪ್ರತಿಯೊಂದರ ಮುಂದೆ ನಾಲ್ಕು ವಿಷಯ ಗುರುತು ಹಾಕಿ. ಮೊದಲನೆಯದು, ಇದಕ್ಕೆ ದೇಹದ ಯಾವ ಭಾಗ ದುಡಿಯಬೇಕು: ಕಣ್ಣೋ, ಗಂಟಲೋ, ಕೈಬೆರಳೋ, ಕಾಲೋ? ಎರಡನೆಯದು, ಒಬ್ಬರೇ ಮಾಡಬಹುದೋ, ಜೊತೆಗೆ ಜನ ಬೇಕೋ? ಮೂರನೆಯದು, ಒಂದು ಕೆಲಸ ಮುಗಿದು ಕೈಗೆ ಬರಲು ಎಷ್ಟು ಕಾಲ? ರೇಖಾಚಿತ್ರ ಅರ್ಧ ಗಂಟೆಯಲ್ಲಿ ಮುಗಿಯಬಹುದು, ಗಂಟಲು ಹದಕ್ಕೆ ಬರಲು ವರ್ಷಗಳು ಬೇಕು. ನಾಲ್ಕನೆಯದು, ಇದಕ್ಕೆ ಮನೆಯಲ್ಲಿ ಎಷ್ಟು ಜಾಗ, ಎಷ್ಟು ಸದ್ದು?

ಈ ನಾಲ್ಕು ಗುರುತು ಬಿದ್ದ ಮೇಲೆ ಒಂದು ಸತ್ಯ ಎದ್ದು ಕಾಣುತ್ತದೆ. ಬಹಳ ಜನ ಸೋಲುವುದು ಹವ್ಯಾಸಗಳು ಹೆಚ್ಚಾಗಿದ್ದಕ್ಕಲ್ಲ, ಎಲ್ಲವೂ ದೇಹದ ಒಂದೇ ಭಾಗವನ್ನು ಕೇಳುವುದರಿಂದ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬಂದವರು ಸಂಜೆ ಬರವಣಿಗೆ, ಚಿತ್ರ, ಕಸೂತಿ ಮೂರನ್ನೂ ಹಿಡಿದರೆ ಕಣ್ಣು ಮತ್ತು ಬೆನ್ನು ಒಂದು ವಾರದಲ್ಲೇ ಮುಷ್ಕರ ಹೂಡುತ್ತವೆ. ಅದೇ ವ್ಯಕ್ತಿ ಚಿತ್ರದ ಜೊತೆಗೆ ಹಾಡು ಮತ್ತು ಕೆರೆ ಸುತ್ತುವುದನ್ನು ಇಟ್ಟುಕೊಂಡರೆ ಮೂರೂ ನಡೆಯುತ್ತವೆ. ಗಂಟಲಿನದೊಂದು, ಕೈಯದೊಂದು, ಕಾಲಿನದೊಂದು. ಹೀಗೆ ಜೋಡಿಸಿಕೊಂಡವರು ದಣಿಯುವುದನ್ನು ನಾನು ಕಂಡಿರುವುದು ಕಡಿಮೆ.

ಮುಖ್ಯ ಬೆಳೆ ಒಂದು, ಅಕ್ಕಡಿ ಎರಡು

ನಾಲ್ಕು ತಿಂಗಳನ್ನು ಒಂದು ಹಂಗಾಮು ಎಂದು ಹಿಡಿಯಿರಿ. ಈ ಹಂಗಾಮಿಗೆ ಪಟ್ಟಿಯಿಂದ ಮೂರನ್ನು ಮಾತ್ರ ಆರಿಸಿ, ಅದರಲ್ಲಿ ಒಂದು ಮುಖ್ಯ.

ಮುಖ್ಯವಾದದ್ದನ್ನು ಆರಿಸುವಾಗ ಯಾವುದು ಹೆಚ್ಚು ಇಷ್ಟ ಎಂದು ಕೇಳಿಕೊಳ್ಳಬೇಡಿ, ಆ ಪ್ರಶ್ನೆಗೆ ದಿನಕ್ಕೊಂದು ಉತ್ತರ ಬರುತ್ತದೆ. ಯಾವುದಕ್ಕೆ ಎದುರಿಗೆ ಒಂದು ದಿನಾಂಕ ಇದೆ ಎಂದು ಕೇಳಿ. ಊರ ಜಾತ್ರೆಯಲ್ಲಿ ನಾಟಕ ಇದೆಯೇ? ಗಣೇಶನ ಪೆಂಡಾಲಿನಲ್ಲಿ ಹಾಡಲು ಕೇಳಿದ್ದಾರೆಯೇ? ತಂಗಿಯ ಮದುವೆಗೆ ಒಂದು ಚಿತ್ರ ಕೊಡಬೇಕು ಅಂದುಕೊಂಡಿದ್ದೀರಾ? ದಿನಾಂಕ ಇರುವುದೇ ಮುಖ್ಯ ಬೆಳೆ. ಯಾವುದಕ್ಕೂ ಇಲ್ಲದಿದ್ದರೆ ನೀವೇ ಒಂದು ದಿನ ಗೊತ್ತುಮಾಡಿ, ಇಬ್ಬರಿಗೆ ಹೇಳಿಬಿಡಿ.

ಅಕ್ಕಡಿಯ ಎರಡರಲ್ಲಿ ಒಂದು ದೀರ್ಘಾವಧಿಯದಾಗಿರಲಿ. ಹಾರ್ಮೋನಿಯಂ, ಬ್ರಾಹ್ಮಿ ಲಿಪಿ, ಹಕ್ಕಿಗಳ ಗುರುತು, ಇವು ಹಂಗಾಮಿನಿಂದ ಹಂಗಾಮಿಗೆ ಮುಂದುವರಿಯುತ್ತವೆ. ಇನ್ನೊಂದು ಹಗುರವಾಗಿರಲಿ, ಸೋತರೂ ಬೇಸರ ಆಗದಂಥದ್ದು.

ಸಮಯದ ಹಂಚಿಕೆ ಹೀಗಿಟ್ಟುಕೊಳ್ಳಬಹುದು: ಮುಖ್ಯವಾದದ್ದಕ್ಕೆ ದಿನಾ ನಲವತ್ತು ನಿಮಿಷ, ಅಕ್ಕಡಿಗಳಿಗೆ ವಾರಕ್ಕೆ ಎರಡೆರಡು ಸಲ ಅರ್ಧರ್ಧ ಗಂಟೆ. ಎಲ್ಲವನ್ನೂ ಭಾನುವಾರಕ್ಕೆ ತಳ್ಳಬೇಡಿ. ನಮ್ಮ ಭಾನುವಾರಗಳು ನಮ್ಮವಲ್ಲ, ಗೃಹಪ್ರವೇಶ, ನಾಮಕರಣ, ಮಠದ ಕಾರ್ಯಕ್ರಮಗಳಿಗೆ ಸೇರಿದವು. ಮನೆ ನಡೆಸುವ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲಿನ ಹೊತ್ತು ಒಂದೇ ನಿಜವಾದ ಬಿಡುವು. ಆ ಹೊತ್ತು ಧಾರಾವಾಹಿಗೋ ಫೋನಿಗೋ ಹೋಗುವ ಮೊದಲು ಅದರಲ್ಲಿ ನಲವತ್ತು ನಿಮಿಷ ನಿಮ್ಮದೆಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಹೇಳದೆ ಕದ್ದು ಮಾಡಿದ ಅಭ್ಯಾಸವನ್ನು ಯಾರೂ ಗೌರವಿಸುವುದಿಲ್ಲ, "ಸುಮ್ನೆ ಕೂತಿದ್ದಾಳಲ್ಲ" ಎಂದು ಇನ್ನೊಂದು ಕೆಲಸ ಹೇಳುತ್ತಾರೆ.

ಹಂಗಾಮಿನ ನಡುವೆ ಹೊಸ ಆಸೆ ಹುಟ್ಟುವುದು ಖಂಡಿತ. ಯಾರೋ ಕೊಳಲು ನುಡಿಸಿದ್ದು ಕೇಳಿದಿರಿ, ಮರುದಿನವೇ ಕೊಳಲು ಕೊಳ್ಳಬೇಕು ಅನ್ನಿಸುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಿನಾಂಕ ಹಾಕಿ ಬರೆದಿಡಿ. ಹಂಗಾಮು ಮುಗಿದ ದಿನ ಆ ಪುಟ ತೆರೆಯಿರಿ. ಆಗಲೂ ಮನಸ್ಸು ಎಳೆದರೆ ಅದು ಮುಂದಿನ ಸಲದ ಅಕ್ಕಡಿ.

ವಿಷಯ ಒಂದೇ ಇರಲಿ, ಮಾಧ್ಯಮ ಬದಲಾಗಲಿ

ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಮೂರು ಕಲೆಗೆ ಮೂರು ಬೇರೆ ವಿಷಯ ಹಿಡಿದರೆ ಮನಸ್ಸು ಚದುರುತ್ತದೆ. ಮೂರು ಕಲೆಗೂ ಒಂದೇ ವಿಷಯ ಹಿಡಿದರೆ ಒಂದರಲ್ಲಿ ಕಲಿತದ್ದು ಇನ್ನೊಂದರ ಹೊಟ್ಟೆ ಸೇರುತ್ತದೆ. ವಿಷಯ ಹತ್ತಿರದ್ದಾಗಿರಬೇಕು, ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರುವಷ್ಟು.

ಉದಾಹರಣೆಗೆ ನೀರನ್ನೇ ತೆಗೆದುಕೊಳ್ಳಿ. ಬರಗಾಲದ ನಾಡು ಎಂದು ಹೆಸರಾದ ಕಡೆ ನೀರಿನಷ್ಟು ದೊಡ್ಡ ವಿಷಯ ಬೇರೆ ಇಲ್ಲ.

ಚಿತ್ರದುರ್ಗದ ಕೋಟೆಯಿಂದ ಶುರು ಮಾಡಿ. ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿ ನೋಡುತ್ತಾರೆ, ನೋಡಲೇಬೇಕು. ಆದರೆ ನೀವು ಈ ಸಲ ನೀರಿನ ದಾರಿ ಹಿಡಿದು ನಡೆಯಿರಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯ ಒಂದು ಹನಿಯೂ ಪೋಲಾಗದಂತೆ ನಾಯಕರ ಕಾಲದವರು ಹೊಂಡಕ್ಕೆ ಹೊಂಡ ಜೋಡಿಸಿದ್ದಾರೆ. ಮೊದಲ ಸಲ ಕ್ಯಾಮೆರಾ, ಬಣ್ಣ ಯಾವುದೂ ಬೇಡ. ಪೆನ್ಸಿಲ್ ಹಿಡಿದು ನೀರು ಹರಿಯುವ ದಾರಿಯ ಒಂದು ನಕ್ಷೆ ಬರೆಯಿರಿ. ನಕ್ಷೆ ಚೆಂದ ಇರಬೇಕಿಲ್ಲ, ಸರಿಯಾಗಿದ್ದರೆ ಸಾಕು. ಬರೆಯುವಾಗ ಕಣ್ಣು ನೋಡುವ ವಿವರ ಬರಿ ಸುತ್ತಾಟದಲ್ಲಿ ಸಿಗುವುದಿಲ್ಲ.

ಎರಡನೆಯ ಸಲ ಚಿತ್ರ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ಓರೆ ಬಿಸಿಲಿದ್ದಾಗ ಮಾತ್ರ ಈ ಗುಂಡುಬಂಡೆಗಳ ಉಬ್ಬುತಗ್ಗು ಕಾಣುತ್ತದೆ. ನಡುಮಧ್ಯಾಹ್ನ ನೆರಳು ಬಂಡೆಯ ಬುಡಕ್ಕೆ ಸರಿದು ಎಲ್ಲ ಚಪ್ಪಟೆಯಾಗುತ್ತದೆ. 2ಬಿ, 4ಬಿ, 6ಬಿ (ಸಂಖ್ಯೆ ಹೆಚ್ಚಿದಷ್ಟೂ ಗೆರೆ ಕಪ್ಪು) ಮೂರು ಪೆನ್ಸಿಲ್, ಒಂದು ಗಟ್ಟಿ ರಟ್ಟಿನ ಪುಸ್ತಕ, ಎರಡು ಕ್ಲಿಪ್. ಕ್ಲಿಪ್ ಮರೆಯಬೇಡಿ, ಆಷಾಢದ ಗಾಳಿಗೆ ಹಾಳೆ ನಿಲ್ಲುವುದಿಲ್ಲ. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ತಿಂಡಿಯನ್ನು ಚೀಲದೊಳಗೆ ಕಟ್ಟಿಡಿ, ಮಂಗಗಳಿವೆ. ಮೊದಲು ದೊಡ್ಡ ನೆರಳಿನ ಆಕಾರಗಳನ್ನು 4ಬಿಯಲ್ಲಿ ತುಂಬಿ, ಕಲ್ಲಿನ ಬಿರುಕು, ಗಿಡ, ಹುಲ್ಲನ್ನು ಕೊನೆಗೆ ಇಡಿ. ಬಿರುಕಿನಿಂದ ಶುರು ಮಾಡಿದವರ ಚಿತ್ರದಲ್ಲಿ ಬಂಡೆಗೆ ಭಾರವೇ ಬರುವುದಿಲ್ಲ.

ಫೋಟೊ ತೆಗೆಯುವವರಿಗೆ ಅದೇ ಬೆಳಕು, ಅದೇ ಜಾಗ. ಫೋನಿನ ಕ್ಯಾಮೆರಾದಲ್ಲಿ ಗ್ರಿಡ್ ಗೆರೆ ಹಾಕಿಕೊಂಡು ನೀರಿನ ಅಂಚನ್ನು ಮೇಲಿನ ಅಥವಾ ಕೆಳಗಿನ ಗೆರೆಗೆ ಕೂರಿಸಿ, ನಡುವೆ ಬೇಡ. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಡ್ರೋನ್ ಮಾತಂತೂ ಬೇಡ.

ಮೂರನೆಯದು ಓದು. ಊರಿನ ಪಕ್ಕದಲ್ಲೇ ಚಂದ್ರವಳ್ಳಿ ಇದೆ. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದು ಹೇಳುವುದೇನು ಗೊತ್ತೇ? ಒಂದು ಕೆರೆಯ ವಿಷಯ. ಕನ್ನಡ ನಾಡಿನ ಮೊದಲ ರಾಜಮನೆತನದ ದೊರೆ ಈ ಊರಿನಲ್ಲಿ ಬಿಟ್ಟುಹೋದ ಮಾತು ಕೆರೆಯದ್ದು ಎಂದು ತಿಳಿದ ಮೇಲೆ ಅದೇ ದಂಡೆಯ ಮೇಲೆ ಕೂತು ಬರೆದ ಚಿತ್ರ ಬೇರೆಯಾಗುತ್ತದೆ. ಲಿಪಿಯ ಆಸೆ ಇರುವವರು ಇಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಗುರುತಿಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಉತ್ಖನನ ನಡೆಸಿದರು. ದಿನಕ್ಕೆ ಎರಡು ಅಕ್ಷರ ಬರೆದು ತಿದ್ದಿದರೆ ಒಂದು ತಿಂಗಳೊಳಗೆ ಬ್ರಾಹ್ಮಿಯ ಮೂಲಾಕ್ಷರಗಳು ಕೈಗೆ ಹತ್ತುತ್ತವೆ. ಗುಣಿತದ ಗುರುತುಗಳಿಗೆ ಇನ್ನೊಂದು ತಿಂಗಳು ಸಾಕು. ಬೇರೆ ಊರಿನವರು ಪುಸ್ತಕದ ಚಿತ್ರ ನೋಡಿ ಕಲಿಯುವುದನ್ನು ನೀವು ಬಂಡೆಯ ಮುಂದೆ ನಿಂತು ಕಲಿಯಬಹುದು, ಇದು ಸಣ್ಣ ಭಾಗ್ಯವಲ್ಲ. ಶಾಸನದ ಮೇಲೆ ಸೀಮೆಸುಣ್ಣ, ಪುಡಿ ಹಚ್ಚುವುದು ಮಾತ್ರ ಸಲ್ಲದು.

ನಾಲ್ಕನೆಯದು ಹಾಡು. ಮಳೆ ಬಾರದಿದ್ದಾಗ ಮಳೆರಾಯನನ್ನು ಹೊತ್ತು ಮನೆಮನೆ ಸುತ್ತುವಾಗ ಹೇಳುವ ಪದ, ಗಂಗೆ ಪೂಜೆಯ ಪದ, ಬೀಸುವ ಪದಗಳ ನಡುವೆ ಬರುವ ಕೆರೆ ಬಾವಿಯ ಮಾತು. ಇವನ್ನು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ನೆನಪಿನಲ್ಲಿಟ್ಟುಕೊಂಡು ಹಾಡಿದವರು. ಅವರ ಹಾಡು ಉಳಿದದ್ದು ಯಾರೋ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಂಡಿದ್ದರಿಂದ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರಬಹುದು.

ಇನ್ನು ನೀವು ದಾವಣಗೆರೆಯವರಾದರೆ ಇದೇ ವಿಷಯಕ್ಕೆ ಬೇರೆ ದಾರಿ ಇದೆ. ಕುಂದವಾಡ ಕೆರೆ ಮನೆ ಬಾಗಿಲಲ್ಲೇ ಇದೆ, ಬೆಳಗಿನ ಹಕ್ಕಿಗಳಿಗೆ ಬೇರೆಲ್ಲೂ ಹೋಗಬೇಕಿಲ್ಲ. ಚನ್ನಗಿರಿ ಕಡೆ ಹೋದರೆ ಸಂತೆಬೆನ್ನೂರಿನ ಪುಷ್ಕರಣಿ. ನಡುನೀರಿನ ವಸಂತ ಮಂಟಪವನ್ನು ನಾಲ್ಕೂ ದಿಕ್ಕಿನ ಮೆಟ್ಟಿಲ ಮೇಲೆ ಕೂತು ನಾಲ್ಕು ಸಲ ಬರೆಯಿರಿ, ಪ್ರತಿಬಿಂಬ ಬರೆಯುವ ಪಾಠ ಅಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಸೂಳೆಕೆರೆ, ಅದರ ನೀರು ಚಿತ್ರದುರ್ಗದ ನಲ್ಲಿಗೂ ಬರುತ್ತದೆ. ಆ ಕಡೆ ಹಿರಿಯೂರಿನ ಹತ್ತಿರ ಮಾರಿಕಣಿವೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅಷ್ಟು ವರ್ಷ ಆ ಕೋಡಿಯನ್ನು ಒಣಗಿದ್ದು ನೋಡಿಯೇ ಬೆಳೆದ ಒಬ್ಬ ಮುದುಕ, ಅದು ಹರಿದ ದಿನ ಏನು ಮಾತಾಡಿಯಾನು? ನಾಟಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಏಕಪಾತ್ರದ ವಸ್ತು ನನಗೆ ತೋಚುವುದಿಲ್ಲ. ನಕ್ಷೆ, ಚಿತ್ರ, ಫೋಟೊ, ಶಾಸನ, ಹಾಡು ಎಲ್ಲ ಕೂಡಿಟ್ಟವರ ಬಾಯಲ್ಲಿ ಆ ಮುದುಕನ ಮಾತು ತಾನಾಗಿ ಬರುತ್ತದೆ.

ನಿಮ್ಮ ವಿಷಯ ನೀರೇ ಆಗಬೇಕಿಲ್ಲ. ಚಳ್ಳಕೆರೆಯ ಕರಿ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚು, ದಾವಣಗೆರೆಯ ಮಂಡಕ್ಕಿ ಭಟ್ಟಿ, ಮುಚ್ಚಿಹೋದ ಹತ್ತಿ ಗಿರಣಿ, ಯಾವುದೂ ಆದೀತು. ಒಂದು ವರ್ಷ ಕೈಬಿಡದಿರುವುದು ಮುಖ್ಯ.

ಯಾರ ಹತ್ತಿರ ಕಲಿಯುವುದು

ಹಲವು ಕೆಲಸ ಬಲ್ಲ ಕಲಾವಿದರು ಈ ಸೀಮೆಗೆ ಹೊಸಬರಲ್ಲ. ಬಯಲಾಟದ ಕಲಾವಿದ ಹಗಲು ಉಳುಮೆ ಮಾಡಿ ರಾತ್ರಿ ಪದ, ಹೆಜ್ಜೆ, ಮಾತು ಮೂರನ್ನೂ ಕಲಿಯುತ್ತಿದ್ದ. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅಭಿನಯದ ಜೊತೆ ಕಂಪನಿಯನ್ನೂ ನಡೆಸಿದರು, ಸಿನಿಮಾದಲ್ಲೂ ದುಡಿದರು, ಪದ್ಮಶ್ರೀ ಪಡೆದರು. ಹಿರಿಯೂರು ತಾಲ್ಲೂಕು ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ದೊಡ್ಡ ಚಿತ್ರಕಲಾವಿದರು. ಅವರೇ ಊರೂರು ಅಲೆದು ಜಾನಪದ ವಸ್ತುಗಳನ್ನು ಕೂಡಿಸಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯ ಬೆಳೆಯಲು ದುಡಿದರು. ಗ್ರಾಮೀಣ ಬದುಕನ್ನು ಬಣ್ಣದಲ್ಲಿ ಹಿಡಿದ ಕಣ್ಣೇ ಹಳೆಯ ಸೇರು, ಬೀಸುಕಲ್ಲುಗಳ ಬೆಲೆಯನ್ನೂ ಕಂಡಿತು. ಮನೆಯವರ ಜೊತೆ ಮಾತಾಡುವಾಗ ಈ ಹೆಸರುಗಳನ್ನು ನೆನಪಿಸಿ.

ಚಿತ್ರಕ್ಕೆ ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ನೀವು ಅಲ್ಲಿನ ವಿದ್ಯಾರ್ಥಿ ಅಲ್ಲದಿದ್ದರೂ ವಿದ್ಯಾರ್ಥಿಗಳ ಪ್ರದರ್ಶನ ನಡೆದಾಗ ಹೋಗಿ ನಿಂತು ನೋಡಿ, ಬಿಡಿಸಿದವರನ್ನೇ ಕೇಳಿ: ಯಾವ ಕಾಗದ, ಎಷ್ಟು ಪದರ ಬಣ್ಣ, ಎಲ್ಲಿ ತಪ್ಪಿತು? ಕಲಿಯುತ್ತಿರುವವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ನಾಟಕಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮಠ ಒಂದು ಹಳ್ಳಿಯನ್ನೇ ರಂಗಭೂಮಿಯ ಊರು ಮಾಡಿದೆ. 1997ರಿಂದ ಶಿವಸಂಚಾರ ತಂಡ ನಾಡಿನ ತುಂಬ ತಿರುಗಾಟ ಮಾಡುತ್ತಿದೆ, ರಂಗಶಾಲೆಯೂ ಇದೆ. ನವೆಂಬರಿನ ನಾಟಕೋತ್ಸವಕ್ಕೆ ಒಮ್ಮೆ ಹೋಗಿ, ಕಲ್ಲಿನ ಮೆಟ್ಟಿಲ ಮೇಲೆ ಊರಿನ ಜನರ ನಡುವೆ ಕೂತು ನೋಡಿ. ನಾಟಕ ಮುಗಿದ ಮೇಲೆ ಎದ್ದು ಬರಬೇಡಿ. ಸೆಟ್ ಬಿಚ್ಚುವುದನ್ನು, ದೀಪ ಇಳಿಸುವುದನ್ನು, ಬಟ್ಟೆ ಮಡಿಸುವುದನ್ನು ನೋಡಿ. ಒಬ್ಬನೇ ನಟ ಎಷ್ಟು ಕೆಲಸ ಬಲ್ಲ ಎಂಬುದು ಆಗ ಗೊತ್ತಾಗುತ್ತದೆ. ಯಾವ ಕಲೆಯನ್ನೂ ಬಿಡಲಾರದ ಮನಸ್ಸಿಗೆ ರಂಗಭೂಮಿಯಷ್ಟು ಹೊಂದುವ ಮನೆ ಬೇರೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಡು, ಬಣ್ಣ, ಹೊಲಿಗೆ, ಬಡಗಿ ಕೆಲಸ, ಬರವಣಿಗೆ ಎಲ್ಲಕ್ಕೂ ಅಲ್ಲಿ ಜಾಗ ಇದೆ.

ಹಾಡುವ ಹಿರಿಯರ ಹತ್ತಿರ ಹೋಗುವ ರೀತಿ ಬೇರೆ. ಮೊದಲ ದಿನ ಫೋನ್ ತೆಗೆಯಬೇಡಿ. ಮನೆಯ ಯಾರಾದರೂ ಪರಿಚಿತರ ಜೊತೆ ಹೋಗಿ, ಸುಗ್ಗಿ ಕೆಲಸ ಇಲ್ಲದ ಹೊತ್ತು ನೋಡಿ, ಎಲೆಅಡಿಕೆ ಇಟ್ಟು ಕೂತು ಮಾತಾಡಿ. ಎರಡನೆಯ ಸಲ ಕೇಳಿ: "ಅಜ್ಜೀ, ನೀವು ಆವತ್ತು ಹೇಳಿದ್ರಲ್ಲ ಆ ಪದ, ಫೋನ್‌ನಾಗೆ ತುಂಬ್ಕೊಳ್ಳೇನು?" ಬೇಡ ಎಂದರೆ ಅಲ್ಲಿಗೆ ಬಿಡಿ. ಹೂಂ ಎಂದರೆ ಫೋನನ್ನು ಅವರಿಂದ ಒಂದು ಮೊಳ ದೂರ, ಮಡಚಿದ ಟವೆಲಿನ ಮೇಲಿಟ್ಟು ಮೈಕ್ ಇರುವ ಕಡೆ ಗಾಳಿ ಬಡಿಯದಂತೆ ತೆಳು ಬಟ್ಟೆ ಹೊದಿಸಿ. ಫ್ಯಾನು, ಟಿವಿ ಆರಿಸಿ. ಹಾಡಿನ ಮೊದಲಿಗೆ ಹಾಡುವವರ ಹೆಸರು, ಊರು, ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಒಂದು ಪ್ರತಿಯನ್ನು ಅವರ ಮೊಮ್ಮಕ್ಕಳ ಫೋನಿಗೆ ಅಂದೇ ಹಾಕಿಕೊಡಿ. ಅವರನ್ನು ಕೇಳದೆ ಎಲ್ಲೂ ಹಂಚಬೇಡಿ. ಮೊಳಕಾಲ್ಮೂರಿನ ಮಗ್ಗದ ಮನೆಗೆ ಹೋದಾಗಲೂ ಇದೇ ನಡವಳಿಕೆ. ಅಂಚಿನ ವಿನ್ಯಾಸ ಅವರ ಅನ್ನ, ಫೋಟೊ ತೆಗೆಯುವ ಮುನ್ನ ಅನುಮತಿ ಬೇಕು.

ಸಾಮಾನು, ಜಾಗ, ದುಡ್ಡು

ಇರುವ ಸಾಮಾನಿನಲ್ಲಿ ಹತ್ತು ಕೆಲಸ ಮುಗಿಸಿದ ಮೇಲೆಯೇ ಹೊಸ ಸಾಮಾನು. ಹಾರ್ಮೋನಿಯಂ ಬೇಕೆಂದರೆ ಮೊದಲು ಮೂರು ತಿಂಗಳು ಗುರುಗಳ ಮನೆಯ ಪೆಟ್ಟಿಗೆಯ ಮೇಲೆ ಕಲಿಯಿರಿ, ಆಮೇಲೆ ಅವರನ್ನೇ ಕರೆದುಕೊಂಡು ಹೋಗಿ ಹಳೆಯದೊಂದನ್ನು ಕೊಳ್ಳಿ. ಶ್ರುತಿ ಹಿಡಿಯುತ್ತದೆಯೇ, ತಿದಿಯಿಂದ ಗಾಳಿ ಸೋರುತ್ತದೆಯೇ ಎಂದು ಅವರ ಕಿವಿಗೆ ತಿಳಿಯುತ್ತದೆ.

ಒಂದೊಂದು ಕಲೆಗೆ ಒಂದೊಂದು ಬಟ್ಟೆ ಚೀಲ ಮಾಡಿ ಗೋಡೆಯ ಮೊಳೆಗೆ ನೇತುಹಾಕಿ. ಚೀಲ ತೆಗೆದು ಎರಡು ನಿಮಿಷದಲ್ಲಿ ಕೆಲಸ ಶುರುವಾಗಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿಟ್ಟ ಬಣ್ಣ ಒಣಗುವುದಕ್ಕೇ ಇರುವುದು. ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಿ: ಎದ್ದು ಹೋಗುವ ಮುನ್ನ ಒಂದು ಚೀಟಿಯಲ್ಲಿ ಮುಂದಿನ ಕೆಲಸ ಬರೆದು ಚೀಲದಲ್ಲೇ ಹಾಕಿ. "ಎಡಗಡೆ ಬಂಡೆಗೆ ಇನ್ನೂ ಒಂದು ಪದರ ನೆರಳು", "ಚರಣದ ಎರಡನೇ ಸಾಲಿನಿಂದ". ಮೂರು ಕಲೆಗಳ ನಡುವೆ ಓಡಾಡುವವರಿಗೆ ಎಲ್ಲಿ ಬಿಟ್ಟಿದ್ದೆ ಎಂದು ನೆನಪಿಸಿಕೊಳ್ಳುವುದರಲ್ಲೇ ಅರ್ಧ ಸಮಯ ಹೋಗುತ್ತದೆ, ಈ ಚೀಟಿ ಅದನ್ನು ಉಳಿಸುತ್ತದೆ.

ಮುಗಿಸಿ ಜನರ ಮುಂದೆ ಇಡಿ

ಹಂಗಾಮಿನ ಕೊನೆಗೆ ಏನಾದರೊಂದು ಮುಗಿದು ಇನ್ನೊಬ್ಬರ ಕೈಗೆ ಹೋಗಲೇಬೇಕು. ಹಲವು ಆಸಕ್ತಿಯವರ ಮೇಲೆ ಬರುವ ನಿಜವಾದ ದೂರು ಇದೊಂದೇ, ಯಾವುದನ್ನೂ ಮುಗಿಸುವುದಿಲ್ಲ ಎಂಬುದು. ದೂರನ್ನು ಮಾತಿನಲ್ಲಿ ಎದುರಿಸಬೇಡಿ, ಕೆಲಸ ಮುಗಿಸಿ ತೋರಿಸಿ. ಮುಗಿಸುವುದು ಸಣ್ಣದೇ ಇರಲಿ.

ನನಗೆ ಬಹಳ ಇಷ್ಟವಾದ ದಾರಿ ಕೈಪುಸ್ತಿಕೆ. ನಾಲ್ಕು ಎ4 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ ಹದಿನಾರು ಪುಟದ ಪುಸ್ತಿಕೆ. ಮೊದಲು ಖಾಲಿ ಹಾಳೆಗಳನ್ನು ಮಡಚಿ ಪುಟಸಂಖ್ಯೆ ಬರೆದುಕೊಳ್ಳಿ, ಆಮೇಲೆ ಬಿಚ್ಚಿ ನೋಡಿ. ಎಲ್ಲಕ್ಕಿಂತ ಹೊರಗಿನ ಹಾಳೆಯ ಒಂದು ಬದಿಯಲ್ಲಿ 16 ಮತ್ತು 1, ಅದರ ಹಿಂಬದಿಯಲ್ಲಿ 2 ಮತ್ತು 15 ಇರುತ್ತವೆ. ಇದೇ ಕ್ರಮದಲ್ಲಿ ನಿಮ್ಮ ರೇಖಾಚಿತ್ರ, ನಕ್ಷೆ, ಅಜ್ಜಿಯ ಪದ, ಏಕಪಾತ್ರದ ಮಾತು ಜೋಡಿಸಿ. ಅಜ್ಜಿಯ ಹೆಸರು ಪದದ ಕೆಳಗೆ ಇರಲಿ, ಅದೂ ಅವರು ಒಪ್ಪಿದ್ದರೆ ಮಾತ್ರ. ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರತಿ ತೆಗೆಸಿ, ನಡುಮಡಿಕೆಯಲ್ಲಿ ಸೂಜಿಯಿಂದ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿಯಿರಿ. ಪೆನ್ಸಿಲ್ ಗೆರೆ ತೆಳುವಾಗಿದ್ದರೆ ಪ್ರತಿಯಲ್ಲಿ ಮಾಯವಾಗುತ್ತದೆ, ಮುಖ್ಯ ಗೆರೆಗಳ ಮೇಲೆ ಕಪ್ಪು ಪೆನ್ ಆಡಿಸಿ. ಇಪ್ಪತ್ತು ಪ್ರತಿ ಸಾಕು. ಒಂದು ಹಾಡಿದ ಅಜ್ಜಿಗೆ, ಒಂದು ಓದಿದ ಶಾಲೆಗೆ, ಒಂದು ಊರಿನ ಗ್ರಂಥಾಲಯಕ್ಕೆ, ಮಿಕ್ಕವು ನೆಂಟರಿಷ್ಟರಿಗೆ.

ಹಾಡು, ನಾಟಕದವರು ಮನೆಯ ಜಗುಲಿಯ ಮೇಲೋ ಗುಡಿಯ ಪ್ರಾಂಗಣದಲ್ಲೋ ಹತ್ತು ಜನರನ್ನು ಕೂರಿಸಿ ಇಪ್ಪತ್ತು ನಿಮಿಷ ನಡೆಸಿ. ಮೈಕ್ ಬೇಡ. ಕೊನೆಗೆ ಮಂಡಕ್ಕಿ ಮೆಣಸಿನಕಾಯಿ ಕೊಟ್ಟರೆ ನಮ್ಮ ದಾವಣಗೆರೆ ಮಂದಿ ಮುಂದಿನ ಸಲವೂ ಬರುತ್ತಾರೆ, ಅಭಿಪ್ರಾಯವನ್ನೂ ಧಾರಾಳವಾಗಿ ಹೇಳುತ್ತಾರೆ.

ಬೀಳು ಬಿಡುವುದು

ಯಾವುದೋ ಒಂದು ಕಲೆ ಈಗ ಬೇಡ ಅನ್ನಿಸಿದರೆ ಬಿಡಿ, ಆದರೆ ಲೆಕ್ಕ ಇಟ್ಟು ಬಿಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಲ್ಲಿಯವರೆಗೆ ಕಲಿತಿದ್ದೆ, ಯಾರ ಹತ್ತಿರ, ಯಾವುದು ಕಷ್ಟವಾಗಿತ್ತು, ಸಾಮಾನು ಎಲ್ಲಿದೆ ಎಂದು ಬರೆಯಿರಿ. ಐದು ವರ್ಷದ ಮೇಲೆ ತಿರುಗಿ ಬಂದಾಗ ಮೊದಲಿನಿಂದ ಶುರು ಮಾಡುವ ಶ್ರಮ ಇರುವುದಿಲ್ಲ. ಮದುವೆ, ಹೆರಿಗೆ, ಮನೆಯಲ್ಲಿ ಕಾಯಿಲೆ, ವರ್ಗಾವಣೆ ಆದ ವರ್ಷಗಳಲ್ಲಿ ಮುಖ್ಯ ಬೆಳೆಯನ್ನೇ ನಿಲ್ಲಿಸಿ ಒಂದು ಅಕ್ಕಡಿಯನ್ನು ಮಾತ್ರ ಉಳಿಸಿಕೊಳ್ಳಿ. ಮಗುವನ್ನು ಮಲಗಿಸುತ್ತಾ ಹಾಡುವ ಪದವೂ ಗಂಟಲಿನ ಅಭ್ಯಾಸವೇ.

ವರ್ಷಕ್ಕೊಮ್ಮೆ ಪೂರ್ತಿ ಪರಿಶೀಲನೆಗೆ ಆಯುಧಪೂಜೆಯ ದಿನ ಚೆನ್ನಾಗಿ ಒದಗುತ್ತದೆ. ಹೇಗಿದ್ದರೂ ಅಂದು ಸಾಮಾನೆಲ್ಲ ಹೊರಗೆ ಬರುತ್ತದೆ. ಬ್ರಷ್, ಸೂಜಿ, ಹಾರ್ಮೋನಿಯಂ, ಕ್ಯಾಮೆರಾ, ಗೆಜ್ಜೆ ಎಲ್ಲವನ್ನೂ ಒರೆಸಿ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಇಡಿ. ಪೂಜೆ ಆದ ಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು ಕಳೆದ ವರ್ಷ ಇದನ್ನು ಮುಟ್ಟಿದ್ದೇನೆಯೇ ಎಂದು ನೋಡಿ. ಮುಂದಿನ ಹಂಗಾಮಿನ ಮೂರನ್ನು ಅಂದೇ ಆರಿಸಿ ಬರೆಯಿರಿ. ಮೂರು ಆಯುಧಪೂಜೆ ಕಳೆದರೂ ಪೂಜೆಗೆ ಮಾತ್ರ ಹೊರಬಂದ ಸಾಮಾನಿದ್ದರೆ ಬೀದಿಯಲ್ಲಿ ಅದರ ಆಸೆ ಇರುವ ಮಗು ಯಾವುದು ಎಂದು ವಿಚಾರಿಸಿ. ತಂದೆತಾಯಿಯನ್ನು ಕೇಳಿ, ವಿಜಯದಶಮಿಯ ಬೆಳಿಗ್ಗೆ ಮಗುವನ್ನು ಮನೆಗೆ ಕರೆಸಿ, ನಿಮಗೆ ಬರುವ ಮೊದಲ ಪಾಠ ಹೇಳಿಕೊಟ್ಟು ಸಾಮಾನನ್ನು ಕೊಟ್ಟು ಕಳಿಸಿ. ಮುಂದಿನ ಪಾಠಕ್ಕೆ ಯಾರ ಹತ್ತಿರ ಹೋಗಬೇಕೆಂಬ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.